ಉಡಚವ್ವ ಕೇಳಿಸಿಕೊಂಡ ಮರ

ಉಡಚವ್ವನವರ ಬಲಗೈ ಹೆಬ್ಬೆರಳಿನ ಉಗುರು ಉಳಿದ ಒಂಬತ್ತು ಉಗುರುಗಳಿಗಿಂತ ಉದ್ದ. ಅದನ್ನು ಬೇಕೆಂದೇ ಬಿಟ್ಟಿದ್ದಾರೆ. ಬೆಂಡೆಯ ಮೊಗ್ಗು ನಾಳೆ ಅರಳುತ್ತದೆ ಅನ್ನುವಾಗ, ಇವತ್ತು ಮಧ್ಯಾಹ್ನವೇ ಆ ಉಗುರಿನಿಂದ ಮೊಗ್ಗಿನ ಬುಡದ ಸುತ್ತ ಗೆರೆ ಎಳೆದು, ಎಸಳಿನ ಜೊತೆಗೆ ಗಂಡು ಕೇಸರಗಳನ್ನೆಲ್ಲ ಅಂಗಿ ಕಳಚಿದ ಹಾಗೆ ಕಳಚಿ ತೆಗೆಯುತ್ತಾರೆ. ಒಳಗಿನ ಹೆಣ್ಣು ಭಾಗಕ್ಕೆ ಒಂದು ಗೀರೂ ಬೀಳುವುದಿಲ್ಲ. ಅದರ ಮೇಲೆ ಕೆಂಪು ಕಾಗದದ ಟೊಪ್ಪಿಗೆ ಹಾಕುತ್ತಾರೆ. ಮರುದಿನ ಬೆಳಿಗ್ಗೆ ಬೇರೆ ಸಾಲಿನ ಗಂಡು ಹೂವು ತಂದು ಸವರಿದರೆ ಕಾಯಿ ಕಟ್ಟುತ್ತದೆ. ಆ ಕಾಯಿಯ ಬೀಜವೇ ನಾವು ಅಂಗಡಿಯಲ್ಲಿ ಪೊಟ್ಟಣ ಕೊಳ್ಳುವ ಹೈಬ್ರಿಡ್ ಬೀಜ. ಹಿರೇಕೆರೂರು ಸೀಮೆಯಲ್ಲಿ ಈ ಕೆಲಸಕ್ಕೆ ಕ್ರಾಸಿಂಗ್ ಅನ್ನುತ್ತಾರೆ.

ನಾನು ಹಾನಗಲ್ಲಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವವನು. ಪರಾಗಸ್ಪರ್ಶದ ಪಾಠವನ್ನು ಹತ್ತೊಂಬತ್ತು ವರ್ಷ ಹಲಗೆಯ ಮೇಲೆಯೇ ಮುಗಿಸಿದ್ದೆ. ಒಂದು ಸಲ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಹಂಸಭಾವಿಯ ಹತ್ತಿರ ಉಡಚವ್ವನವರ ಹೊಲಕ್ಕೆ ಹೋದೆ. ಅವರು ನನಗೂ ಹತ್ತು ಮೊಗ್ಗು ಕೊಟ್ಟರು. ಎಂಟು ಕೆಡಿಸಿದೆ.

"ಸರ್ರ, ನಿಮ್ಮ ಬೆರಳಿಗೆ ಅವಸರ ಭಾಳ ಐತಿ," ಅಂದರು.

ಅವರು ಚೀನಾಕ್ಕೆ ಹೋಗಿ ಬಂದ ಸಂಗತಿ ನನಗೆ ಗೊತ್ತಾದದ್ದು ಆ ದಿನವೇ. ಆಮೇಲೆ ಅದನ್ನೇ ಕೇಳಲು ಮೂರು ಸಲ ಹೋಗಿದ್ದೇನೆ.

ಉಡಚವ್ವ ಕ್ರಾಸಿಂಗ್ ಕಲಿತಾಗ ಅವರಿಗೆ ಹನ್ನೆರಡು ವರ್ಷ. ಆಗ ಹತ್ತಿ ಬೀಜದ ಕಾಲ. ಸಣ್ಣ ಬೆರಳಿನವರು ಬೇಕು ಅಂತ ಸಾಲೆ ಬಿಡಿಸಿ ಅವ್ವ ಕರೆದುಕೊಂಡು ಹೋದಳು. ಮದುವೆಯಾದ ಮೇಲೆ ಗಂಡ ಗುತ್ತೆಪ್ಪನ ಹೊಲದಲ್ಲೂ ಅದೇ ಕೆಲಸ. ಈಗ ವಯಸ್ಸು ನಲವತ್ತೆಂಟು. ಸ್ವಂತದ ಒಂದು ಎಕರೆಯಲ್ಲಿ ಬೆಂಡೆ, ಟೊಮೆಟೊ. ಹದಿನಾಲ್ಕು ಹೆಣ್ಣುಮಕ್ಕಳ ಗುಂಪಿಗೆ ಅವರೇ ಮೇಸ್ತ್ರಿ. ಸುಗ್ಗಿಯಲ್ಲಿ ಒಂದು ಹೂವು ಬಿಟ್ಟುಹೋದರೂ ಅವರ ಕಣ್ಣಿಗೆ ಬೀಳುತ್ತದೆ.

ಈ ಕೆಲಸದಲ್ಲಿ ಜೇನ್ನೊಣವೆಂದರೆ ಕಳ್ಳ. ಎಲ್ಲಿಂದಲೋ ಪರಾಗ ಮೈಗೆ ಮೆತ್ತಿಕೊಂಡು ಬಂದು ಬರಿಮೈ ಹೂವಿನ ಮೇಲೆ ಕೂತರೆ ಬೀಜ ಬೆರಕೆಯಾಗುತ್ತದೆ, ಕೊಳ್ಳುವ ಕಂಪನಿ ತಿರಸ್ಕರಿಸುತ್ತದೆ. ಹೊಲದ ಅಂಚಿನ ಬೇವಿನ ಮರದಲ್ಲಿ ಹೆಜ್ಜೇನು ಕಟ್ಟಿದ್ದನ್ನು ಗುತ್ತೆಪ್ಪನ ಕೈಯಲ್ಲಿ ಹೊಗೆ ಹಾಕಿಸಿ ಎಬ್ಬಿಸಿದ್ದು ಉಡಚವ್ವನೇ. ಅದನ್ನು ಹೇಳುವಾಗ ಅವರು ಮುಖ ಮರೆಸಲಿಲ್ಲ. ಕೆಲಸ ಅಂದರೆ ಕೆಲಸ.

ಚೀನಾದ ದಾರಿ ತೆರೆದವಳು ಶ್ವೇತಾ. ಶಿಗ್ಗಾಂವದ ಕಾಳಿನ ವ್ಯಾಪಾರದ ಮನೆತನದ ಹುಡುಗಿ, ಕೃಷಿ ವಿಜ್ಞಾನ ಓದಿದವಳು. ಕೈಯಿಂದ ಹೂವು ಕೂಡಿಸುವ ಜನ ಜಗತ್ತಿನಲ್ಲಿ ಎಲ್ಲೆಲ್ಲಿ ಇದ್ದಾರೆ ಅನ್ನುವ ಅಧ್ಯಯನದಲ್ಲಿದ್ದಳು. ಎರಡು ಸುಗ್ಗಿ ಉಡಚವ್ವನವರ ಬೆನ್ನಿಗೇ ಓಡಾಡಿ ಬರೆದುಕೊಂಡಳು. ಒಂದು ದಿನ ಹೊಲದ ಬದುವಿನಲ್ಲಿ ಕೂತು ಕೇಳಿದಳು.

"ಅಕ್ಕಾರ, ಚೀನಾದಾಗ ಒಂದ ಊರೈತಿ. ಅಲ್ಲಿ ಪೇರ್ ಹಣ್ಣಿನ ಗಿಡ ಹತ್ತಿ ಮಂದಿ ನಿಮ್ಮಂಗ ಹೂ ಕೂಡಸ್ತಾರ. ನನ್ನ ಜೋಡಿ ಬರ್ತೀರೇನ್ರಿ?"

ಗುತ್ತೆಪ್ಪನಿಗೆ ಪೇರ್ ಅಂದದ್ದು ಪೇರಲ ಅಂತ ಕೇಳಿಸಿತು. "ಪೇರಲ ನೋಡಾಕ ಚೀನಾತನಕ ಯಾಕ ಹೋಗಬೇಕು? ನಮ್ಮ ಹಿತ್ತಲದಾಗ ಎರಡು ಗಿಡ ಅದಾವಲ್ಲ," ಅಂದ. ಅದು ಬೇರೆ ಹಣ್ಣು ಎಂದು ತಿಳಿಸುವಷ್ಟರಲ್ಲಿ ಶ್ವೇತಾಳಿಗೆ ಸಾಕಾಯಿತು. ಕಡೆಗೆ ಅವನೇ ಹೆಂಡತಿಯ ಪಾಸ್‌ಪೋರ್ಟಿನ ಫೋಟೊ ತೆಗೆಸಲು ಹಿರೇಕೆರೂರಿಗೆ ಬೈಕಿನಲ್ಲಿ ಕರೆದೊಯ್ದ.

ವಿಮಾನದ ಬಗ್ಗೆ ಕೇಳಿದರೆ ಉಡಚವ್ವ "ಕಿವಿ ಮುಚ್ಚಿದ್ವು" ಅಂತಷ್ಟೇ ಹೇಳುತ್ತಾರೆ. ಬೆಂಗಳೂರಿನಿಂದ ಬ್ಯಾಂಕಾಕ್, ಅಲ್ಲಿಂದ ಸಿಚುವಾನ್ ಪ್ರಾಂತದ ದೊಡ್ಡ ಪಟ್ಟಣ, ಆಮೇಲೆ ಅರ್ಧ ದಿನ ಕಾರು. ಭಾಷೆಗೆಂದು ಲಿನ್ ಎಂಬ ಕಾಲೇಜು ಹುಡುಗಿ ಜೊತೆಯಾದಳು. ಅವಳು ಚೀನಿಯನ್ನು ಇಂಗ್ಲಿಷಿಗೆ, ಶ್ವೇತಾ ಇಂಗ್ಲಿಷನ್ನು ಕನ್ನಡಕ್ಕೆ ಮಾಡುವುದು. ಒಂದು ಮಾತು ಉಡಚವ್ವನವರಿಗೆ ತಲುಪುವಷ್ಟರಲ್ಲಿ ಹೇಳಿದವರು ಬೇರೆ ಕೆಲಸಕ್ಕೆ ಹತ್ತಿರುತ್ತಿದ್ದರು.

ಅವರು ಆ ಬೆಟ್ಟದ ಊರು ಮುಟ್ಟಿದಾಗ ಕತ್ತಲಾಗಿತ್ತು, ಏನೂ ಕಾಣಲಿಲ್ಲ. ಬೆಳಿಗ್ಗೆ ಎದ್ದು ಅಂಗಳಕ್ಕೆ ಬಂದರೆ ಎದುರಿಗೆ ಬರೀ ಮಂಜು. ನೋಡುತ್ತಿದ್ದಂತೆ ಮಂಜು ಮೇಲೆದ್ದಿತು. ಬಿಳಿ ಮಾತ್ರ ಹಾಗೆಯೇ ಉಳಿಯಿತು. ಒಂದು ಇಡೀ ಬೆಟ್ಟ, ಬುಡದಿಂದ ನೆತ್ತಿಯವರೆಗೆ, ಎಲೆ ಕಾಣದ ಹಾಗೆ ಹೂವು.

"ನಾ ಹತ್ತಿ ಒಡದ ಹೊಲ ಭಾಳ ನೋಡೇನಿ ಸರ್ರ. ಅದು ನೆಲದ ಮ್ಯಾಲ ಇರ್ತೈತಿ. ಇದು ನಿಂತಿತ್ತು. ಗ್ವಾಡಿ ಹಂಗ ನಿಂತಿತ್ತು."

ಆ ಬಿಳುಪಿನೊಳಗೆ ಕಪ್ಪು ಚುಕ್ಕೆಗಳು ಅಲುಗಾಡುತ್ತಿದ್ದವು. ಹಕ್ಕಿಯಿರಬೇಕು ಅಂದುಕೊಂಡರು. ಹತ್ತಿರ ಹೋದಾಗ ಅವು ಮನುಷ್ಯರು. ಮುದುಕರು, ಮುದುಕಿಯರು ಕೊಂಬೆಗಳ ಮೇಲೆ ನಿಂತಿದ್ದರು. ಪ್ರತಿಯೊಬ್ಬರ ಕೊರಳಲ್ಲಿ ಪರಾಗದ ಪುಡಿ ತುಂಬಿದ ಒಂದು ಸಣ್ಣ ಸೀಸೆ, ಕೈಯಲ್ಲಿ ಉದ್ದನೆಯ ಬಿದಿರ ಕಡ್ಡಿ, ತುದಿಗೆ ಕೋಳಿಯ ಗರಿ. ಗರಿಯನ್ನು ಸೀಸೆಯಲ್ಲಿ ಅದ್ದುವುದು, ಹೂವಿಗೆ ಮುಟ್ಟಿಸುವುದು. ಅದ್ದುವುದು, ಮುಟ್ಟಿಸುವುದು.

ಶ್ವೇತಾ ಇದನ್ನು ಮೊದಲೇ ಹೇಳಿದ್ದಳು. ಉಡಚವ್ವ ಕೇಳಿದ್ದರು, ನಂಬಿರಲಿಲ್ಲ.

"ಇದು ಯಾವ ಕಂಪನಿ ಬೀಜ?" ಎಂದು ಕೇಳಿದರು.

"ಬೀಜಕ್ಕಲ್ರಿ ಅಕ್ಕಾರ. ತಿನ್ನೋ ಹಣ್ಣಿಗೆ."

"ತಿನ್ನೋ ಹಣ್ಣಿಗೆ ಯಾಕ ಕ್ರಾಸಿಂಗು? ಜೇನಹುಳ ಎಲ್ಲಿ ಹೋಗ್ಯಾವ?"

ಆ ಪ್ರಶ್ನೆ ಶ್ವೇತಾಳಿಂದ ಲಿನ್‌ಗೆ, ಲಿನ್‌ಳಿಂದ ಮರದ ಮೇಲಿದ್ದ ಒಬ್ಬ ಮುದುಕಿಗೆ ಹೋಯಿತು. ಮುದುಕಿ ಕೆಳಗಿಳಿದು ಬಂದರು. ಎಪ್ಪತ್ತಾರು ವರ್ಷದವರು, ತಲೆಗೆ ನೀಲಿ ಬಟ್ಟೆಯ ಟೋಪಿ. ಊರಿನವರೆಲ್ಲ ಅವರನ್ನು ಪೋಪೋ ಅನ್ನುತ್ತಿದ್ದರು. ಅಂದರೆ ಅಜ್ಜಿ. ಉತ್ತರ ಅದೇ ದಾರಿಯಲ್ಲಿ ತಿರುಗಿ ಬಂತು: ಹಣ್ಣಿನ ಆಸೆಗೆ ಔಷಧ ಹೊಡೆದದ್ದು ಹೆಚ್ಚಾಯಿತು. ಜೇನು ಸಾಕುವವರು ಪೆಟ್ಟಿಗೆ ಎತ್ತಿಕೊಂಡು ಬೇರೆ ಕಣಿವೆಗೆ ಹೋದರು. ಕಾಡಿನವು ತಾವಾಗಿಯೇ ಇಲ್ಲವಾದವು. ನಲವತ್ತು ವರ್ಷವಾಯಿತು.

ಹೇಳುತ್ತ ಪೋಪೋ ಉಡಚವ್ವನವರ ಕೈ ಹಿಡಿದರು. ಉದ್ದ ಉಗುರನ್ನು ನೋಡಿದರು, ಬೆರಳ ತುದಿಗೆ ಕೂತ ಹಳದಿ ಕಲೆ ನೋಡಿದರು. ಆಮೇಲೆ ತಮ್ಮ ಕೈ ಚಾಚಿ ತೋರಿಸಿದರು. ಅಲ್ಲೂ ಅದೇ ಹಳದಿ. ಇಬ್ಬರೂ ನಕ್ಕರು. ಆ ನಗುವಿಗೆ ನಡುವೆ ಯಾರೂ ಬೇಕಾಗಲಿಲ್ಲ.

ಪೋಪೋ ಕಡ್ಡಿ ಕೊಟ್ಟರು. ಉಡಚವ್ವ ಸೀರೆಯ ಕಚ್ಚೆ ಬಿಗಿದು ಏಣಿ ಹತ್ತಿದರು. ತಮ್ಮ ಹೊಲದಲ್ಲಿ ಮಾಡುವ ಹಾಗೆಯೇ ಒಂದೂ ಬಿಡದೆ ಹೂವು ಹೂವಿಗೂ ಗರಿ ಮುಟ್ಟಿಸತೊಡಗಿದರು. ಕೆಳಗಿನಿಂದ ಪೋಪೋ ಏನೋ ಕೂಗಿದರು, ತಾವೇ ಮೇಲೆ ಬಂದು ಕೈ ಹಿಡಿದು ನಿಲ್ಲಿಸಿದರು. ಒಂದು ಗೊಂಚಲಿನಲ್ಲಿ ಎರಡೇ ಹೂವು ಮುಟ್ಟಿಸಿ, ಉಳಿದವಕ್ಕೆ ಬೇಡ ಎಂದು ತಲೆಯಾಡಿಸಿದರು. ಎಲ್ಲ ಕಾಯಿಯಾದರೆ ಕೊಂಬೆ ತಡೆಯದು. ಮೂವತ್ತಾರು ವರ್ಷ ಒಂದು ಹೂವು ಬಿಟ್ಟರೆ ತಪ್ಪು ಅಂತಲೇ ಬದುಕಿದ ಉಡಚವ್ವನವರಿಗೆ, ಬೇಕೆಂದೇ ಹೂವು ಬಿಡುವುದು ಆ ದಿನದ ಎಲ್ಲಕ್ಕಿಂತ ಕಷ್ಟದ ಕೆಲಸವಾಯಿತಂತೆ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಇಳಿದರು. ಉಡಚವ್ವ ತಂದಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಯನ್ನು ಪೋಪೋ ಕಟಕಟ ಕಡಿದು ತಿಂದರು. ಪೋಪೋ ಕೊಟ್ಟ ಪಲ್ಯದ ಖಾರ ಮಾತ್ರ ಉಡಚವ್ವನವರ ನಾಲಿಗೆಯನ್ನು ಜುಮ್ಮೆನ್ನಿಸಿತು. ಉಂಡು ಮರಕ್ಕೆ ಒರಗಿ ಕೂತಾಗ ಅವರಿಗೆ ಏನೋ ಕಳೆದುಕೊಂಡ ಹಾಗೆ ಅನ್ನಿಸತೊಡಗಿತು. ಮೊದಲು ಚೀಲ ನೋಡಿಕೊಂಡರು, ಕೊರಳು ಮುಟ್ಟಿಕೊಂಡರು. ಎಲ್ಲ ಇತ್ತು. ಆಮೇಲೆ ಹೊಳೆಯಿತು.

"ಸಪ್ಪಳ ಇರಲಿಲ್ಲ ಸರ್ರ. ಹೂವಿನ ಹೊಲಕ್ಕ ಒಂದ ಸಪ್ಪಳ ಇರ್ತೈತಿ. ನಾವು ಅದನ್ನ ಕೇಳಿರಂಗಿಲ್ಲ, ಆದ್ರ ಇರ್ತೈತಿ. ಅಷ್ಟ ದೊಡ್ಡ ಗುಡ್ಡ, ಅಷ್ಟ ಹೂ, ಬಾಯಿ ಕಟ್ಟಿದಂಗ ಸುಮ್ಮ ನಿಂತಿತ್ತು. ನನಗ ಅಂಜಿಕಿ ಆತು."

ಮೂರನೆಯ ದಿನ ಶ್ವೇತಾ ಮತ್ತು ಲಿನ್ ಊರಿನ ಹಿರಿಯರೊಂದಿಗೆ ಮಾತಾಡಲು ಕೂತಿದ್ದರು. ಬಿಸಿಲು ಏರಿದಾಗ ಪೋಪೋ ಒಬ್ಬರೇ ಬಂದು ಉಡಚವ್ವನವರ ಸೆರಗು ಜಗ್ಗಿದರು, ಮೇಲಕ್ಕೆ ಬೆರಳು ತೋರಿಸಿದರು. ಇಬ್ಬರೂ ಹೊರಟರು. ತೋಟಗಳು ಮುಗಿದವು. ಕಲ್ಲಿನ ಮೆಟ್ಟಿಲು ಮುಗಿದವು. ಕುರುಚಲು ಕಾಡಿನ ಕಾಲುದಾರಿಯಲ್ಲಿ ಒಂದು ತಾಸಿನ ಏರು. ಪೋಪೋ ಎಲ್ಲಿಯೂ ನಿಲ್ಲಲಿಲ್ಲ. ಉಡಚವ್ವನವರೇ ಎರಡು ಸಲ ಕೂತರು.

ಮರ ಕಾಣುವ ಮೊದಲೇ ಅವರಿಗೆ ಅದು ಕೇಳಿಸಿತು.

ದೂರದಲ್ಲಿ ಪಂಪ್‌ಸೆಟ್ ಓಡುತ್ತಿದೆ ಅಂತ ಮೊದಲು ಅಂದುಕೊಂಡರು. ತಿರುವು ದಾಟಿದಾಗ ಒಂದು ಕಾಡು ಪೇರ್ ಮರ. ಯಾರೂ ನೆಡದ, ಯಾರೂ ಕತ್ತರಿ ಹಾಕದ ಹಳೆಯ ಮರ. ಇಬ್ಬರು ಕೈ ಚಾಚಿದರೂ ಬೊಡ್ಡೆ ಸುತ್ತಲಾಗದು. ತುಂಬ ಹೂವು. ಹೂವು ಹೂವಿಗೂ ಜೇನು. ಸಣ್ಣವು, ದೊಡ್ಡವು, ಕಾಲಿಗೆ ಹಳದಿ ಉಂಡೆ ಕಟ್ಟಿಕೊಂಡವು. ಮರದ ಸುತ್ತಲಿನ ಗಾಳಿಯೇ ಜುಮುಗುಡುತ್ತಿತ್ತು.

ಪೋಪೋ ಕಡ್ಡಿಯನ್ನು ನೆಲದ ಮೇಲೆ ಇಟ್ಟರು. ತಲೆಯ ಟೋಪಿ ತೆಗೆದರು. ಬೊಡ್ಡೆಗೆ ಅಂಗೈ ಒತ್ತಿ ಕಣ್ಣು ಮುಚ್ಚಿದರು. ಉಡಚವ್ವನವರೂ ಹಾಗೆಯೇ ಮಾಡಿದರು. ಆ ಸಪ್ಪಳ ಅಂಗೈಯಿಂದ ಮೊಳಕೈಗೆ, ಎದೆಗೆ ಇಳಿದ ಹಾಗೆ ಅನ್ನಿಸಿತು ಅನ್ನುತ್ತಾರೆ. ಎಷ್ಟು ಹೊತ್ತು ನಿಂತರೋ ಗೊತ್ತಿಲ್ಲ. ಒಂದು ಜೇನು ಅವರ ಹೆಬ್ಬೆರಳಿನ ಮೇಲೆ ಕೂತು, ಅಲ್ಲಿದ್ದ ಪುಡಿಯನ್ನು ತಡವಿ, ಹಾರಿಹೋಯಿತು. ಅವರು ಕೈ ಜಾಡಿಸಲಿಲ್ಲ.

"ನಾವು ಹದಿನಾಕ ಮಂದಿ ಮುಂಜಾನಿಂದ ಹೊತ್ತ ಮುಣಗೂತನಕ ಬಗ್ಗಿ ಮಾಡಿದ್ರೂ ಅಷ್ಟ ಹೂ ಮುಗಿಯಂಗಿಲ್ಲ. ಅವಕ್ಕ ಮೇಸ್ತ್ರಿ ಇಲ್ಲ, ಕೂಗೋರಿಲ್ಲ. ಹುಟ್ಟಿದಾಗಿಂದ ಜೇನಿನ ಬಾಜೂನ ಕೆಲಸ ಮಾಡೇನಿ ಸರ್ರ. ಅವತ್ತ ಮೊದಲ ಸಲ ನೋಡಿದ್ನಿ."

ಪೋಪೋ ಕಣ್ಣು ತೆರೆದು ಒಂದು ಮಾತು ಹೇಳಿದರು. ಮತ್ತೊಮ್ಮೆ ಅದನ್ನೇ ಹೇಳಿದರು. ಅರ್ಥ ಹೇಳಲು ಅಲ್ಲಿ ಯಾರೂ ಇರಲಿಲ್ಲ. ಉಡಚವ್ವ ಆ ಸದ್ದನ್ನು ಬಾಯಲ್ಲಿ ಹಿಡಿದುಕೊಂಡರು. ಮರೆತುಹೋದೀತೆಂದು ಇಳಿಯುವ ದಾರಿಯುದ್ದಕ್ಕೂ ಒಳಗೊಳಗೇ ಅಂದುಕೊಳ್ಳುತ್ತ ಬಂದರು: ತಾಮೆನ್ ಹಾಯ್ ಝಾಯ್, ತಾಮೆನ್ ಹಾಯ್ ಝಾಯ್. ಅಂಗಳಕ್ಕೆ ಕಾಲಿಟ್ಟವರೇ ಲಿನ್‌ಳ ಎದುರು ನಿಂತು ಅದನ್ನು ಒಪ್ಪಿಸಿದರು. ಲಿನ್ ಶ್ವೇತಾಳಿಗೆ ಹೇಳಿದಳು. ಶ್ವೇತಾ ಅದನ್ನು ಕನ್ನಡಕ್ಕೆ ತಂದಳು.

"ಅವು ಇನ್ನೂ ಅದಾವ ಅಂದಾರ್ರಿ ಅಕ್ಕಾರ."

ಪ್ರತಿ ವರ್ಷ ಹೂವಿನ ಕಾಲದಲ್ಲಿ ಒಂದು ಸಲ ಪೋಪೋ ಅಲ್ಲಿಗೆ ಹತ್ತಿ ಹೋಗುತ್ತಾರಂತೆ. ಒಬ್ಬರೇ. ಜೊತೆಗೆ ಇನ್ನೊಬ್ಬರನ್ನು ಕರೆದೊಯ್ದದ್ದು ಅವರ ಮಗನಿಗೂ ನೆನಪಿರಲಿಲ್ಲ.

ಹೊರಡುವ ದಿನ ಉಡಚವ್ವ ತಾವು ಕೆಲಸ ಮಾಡಿದ ಕೊಂಬೆಯನ್ನು ಪೋಪೋಗೆ ತೋರಿಸಿದರು. ಪೋಪೋ ತಮ್ಮ ಟೋಪಿಯ ಅಂಚಿನಿಂದ ನೀಲಿ ದಾರ ಎಳೆದು ಆ ಕೊಂಬೆಗೆ ಕಟ್ಟಿದರು. ಉಡಚವ್ವ ಬಗ್ಗಿ ಅವರ ಕಾಲು ಮುಟ್ಟಿದರು. ಪೋಪೋಗೆ ಅದೇನೆಂದು ತಿಳಿಯದೆ, ಬಿದ್ದವರನ್ನು ಎತ್ತುವ ಹಾಗೆ ಗಾಬರಿಯಿಂದ ಎರಡೂ ಕೈ ಹಿಡಿದು ಎತ್ತಿದರು.

ಈಗ ಉಡಚವ್ವನವರ ಹೊಲದಲ್ಲಿ ಮೊದಲಿನ ಕೆಲಸವೇ ನಡೆದಿದೆ. ಬೀಜ ಬೆರಕೆಯಾಗಬಾರದು, ಅದು ಬದಲಾಗಿಲ್ಲ. ಆದರೆ ಜೇನು ಬಂದರೆ ಅವರು ಗದರಿಸುವುದಿಲ್ಲ, ಟೊಪ್ಪಿಗೆ ಬಿಗಿಮಾಡುತ್ತಾರೆ, ಅಷ್ಟೆ. ಔಷಧ ಹೊಡೆಯುವುದಿದ್ದರೆ ಹೊತ್ತು ಮುಳುಗಿ ಅವು ಗೂಡಿಗೆ ಮರಳಿದ ಮೇಲೆಯೇ. ಗುತ್ತೆಪ್ಪ ಗೊಣಗುತ್ತಾನೆ, ಆದರೂ ಕಾಯುತ್ತಾನೆ.

ಮರಳಿ ಬಂದ ಐದಾರು ತಿಂಗಳಿಗೆ ಶ್ವೇತಾಳ ಮೊಬೈಲಿಗೆ ಲಿನ್ ಎರಡು ಚಿತ್ರ ಕಳಿಸಿದ್ದಳು. ಅವನ್ನು ಉಡಚವ್ವ ತಮ್ಮ ಮೊಬೈಲಿನಲ್ಲಿ ನನಗೂ ತೋರಿಸಿದರು. ಒಂದರಲ್ಲಿ ನೀಲಿ ದಾರದ ಕೊಂಬೆ, ಅದರಲ್ಲಿ ಹನ್ನೊಂದು ಹಣ್ಣು. ಇನ್ನೊಂದರಲ್ಲಿ ಪೋಪೋ ತಮ್ಮ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಾರೆ. ಮಗುವಿನ ಕೈಯಲ್ಲಿ ಆ ಕೊಂಬೆಯದೇ ಹಣ್ಣು, ಗದ್ದದಿಂದ ರಸ ಸುರಿಯುತ್ತಿದೆ.

"ನಮ್ಮ ಬೆಂಡಿ, ನಮ್ಮ ಟೊಮೆಟೊ ಯಾರೂ ತಿನ್ನಂಗಿಲ್ಲ ಸರ್ರ. ಬೀಜ ತಕ್ಕೊಂಡು ಉಳದದ್ದ ತಿಪ್ಪಿಗಿ ಚೆಲ್ಲತೇವಿ. ಎಷ್ಟ ಲಕ್ಷ ಹೂ ಕೂಡಸೇನೋ ನನಗ ಗೊತ್ತಿಲ್ಲ. ನಾ ಕೂಡಿಸಿದ ಹೂವಿನ ಹಣ್ಣ ಒಂದ ಕೂಸು ತಿಂದದ್ದ ಇದ ಮೊದಲ ನೋಡ್ರಿ."

ಹೀಗೆಂದು ಅವರು ಆ ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ, ಮಗುವಿನ ಬಾಯಿಯನ್ನೇ ಬಹಳ ಹೊತ್ತು ನೋಡುತ್ತ ಕೂತರು.