ಮುಟ್ಟಬಾರದ ಗಂಜಿ

ಮೊದಲು ನನ್ನ ಕೈಗೆ ಸಿಕ್ಕಿದ್ದು ಪಂಚೆಯ ಅಂಚು.

ಒಗೆಯುವ ಕಲ್ಲಿನ ಮೇಲೆ ಹಾಕುವ ಮುಂಚೆ ಯಾವ ಬಟ್ಟೆಯನ್ನಾದರೂ ಬೆರಳಲ್ಲಿ ಒಮ್ಮೆ ಉಜ್ಜಿ ನೋಡುವುದು ನನ್ನ ಅಭ್ಯಾಸ. ದೊಡ್ಡಬಳ್ಳಾಪುರದ ನೇಕಾರರ ಮನೆಗೆ ಸೊಸೆಯಾಗಿ ಬಂದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮವರ ಪಂಚೆಯ ಕೆಳಗೆ, ಪಾದದ ಹತ್ತಿರ ಬರುವ ಕಡೆ, ಅಲ್ಲಲ್ಲಿ ಬಿಳಿ ಚುಕ್ಕೆಗಳಿದ್ದವು. ಮುಟ್ಟಿದರೆ ಗಟ್ಟಿ. ಗಂಜಿ ಸಿಡಿದು ಒಣಗಿದ ಹಾಗೆ. ಮಗ್ಗದಲ್ಲಿ ಉದ್ದಕ್ಕೆ ಬರುವ ಹಾಸಿನ ನೂಲಿಗೆ ಗಂಜಿ ಹಚ್ಚುವಾಗ ಪಂಚೆ ಎತ್ತಿ ಕಟ್ಟಬಾರದೇ ಎಂದು ಮನಸ್ಸಿನಲ್ಲೇ ಬೈದುಕೊಂಡು ಒಗೆದೆ.

ಹಿಂಡುವಾಗ ನೆನಪಾಯಿತು. ಯುದ್ಧದ ಕಾಲ, ನೂಲು ಸಿಗುತ್ತಿರಲಿಲ್ಲ. ಹದಿನೈದು ದಿನದಿಂದ ನಮ್ಮ ಮನೆಯಲ್ಲಿ ಗಂಜಿಯನ್ನೇ ಕಾಯಿಸಿರಲಿಲ್ಲ.

ಅಷ್ಟಕ್ಕೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಎಚ್ಚೆತ್ತುಕೊಳ್ಳಲಿಲ್ಲ. ಅವರು ತಂಬಿಗೆಗಟ್ಟಲೆ ನೀರು ಕುಡಿಯುತ್ತಿದ್ದರು, ಸಾರಿನ ಖಾರಕ್ಕೆ ಎಂದುಕೊಂಡೆ. ಗಳಿಗೆಗೊಮ್ಮೆ ಹಿತ್ತಲಿಗೆ ಹೋಗುತ್ತಿದ್ದರು. ಅಷ್ಟು ನೀರು ಕುಡಿದರೆ ಇನ್ನೇನು ಎಂದುಕೊಂಡೆ. ಹೆಗಲ ಮೂಳೆ ಎದ್ದು ಕಾಣುತ್ತಿತ್ತು. ಅತ್ತೆ ಮಾತ್ರ ಸುಮ್ಮನಿರಲಿಲ್ಲ.

"ನನ್ನ ಮಗ ಸೊರಗೋಗವ್ನೆ ಕಣೇ ಗೌರೀ. ಇನ್ನೊಂದು ಹಿಟ್ಟು ಇಕ್ಕು."

ನಮ್ಮ ಕಡೆ ರಾಗಿಮುದ್ದೆಗೆ ಹಿಟ್ಟು ಎನ್ನುತ್ತೇವೆ. ಹಿಟ್ಟಂ ತಿಂದವಂ ಬೆಟ್ಟಂ ಕಿತ್ತಿಟ್ಟಂ ಎಂಬ ಗಾದೆ ಅತ್ತೆಯ ಬಾಯಲ್ಲಿ ದಿನಕ್ಕೆ ಎರಡು ಸಲ ಬರುತ್ತಿತ್ತು. ನಾನು ಒಂದರ ಬದಲು ಎರಡು ಇಕ್ಕಿದೆ. ಅವರು ಎರಡನ್ನೂ ಉಂಡು, ಇನ್ನೂ ಹಸಿವು ಎಂದರು. ಬೆಟ್ಟ ಕೀಳುವುದಿರಲಿ, ಮಗ್ಗದ ಗುಂಡಿಯಿಂದ ಏಳುವುದಕ್ಕೆ ಗೋಡೆ ಹಿಡಿಯುತ್ತಿದ್ದರು.

ಘಾಟಿ ದನಗಳ ಜಾತ್ರೆ ಮುಗಿದ ವಾರ ಸ್ವಲ್ಪ ನೂಲು ಬಂತು. ಅವರು ಗುಂಡಿಗೆ ಇಳಿದು ನೇಯಲು ಕುಳಿತರು. ಮಧ್ಯಾಹ್ನ ಮಜ್ಜಿಗೆ ಕೊಡಲು ಹೋದಾಗ ನೋಡಿದೆ. ಕಾಲಲ್ಲಿ ತುಳಿಯುವ ಹಲಗೆ ಕೆಂಪಾಗಿತ್ತು. ಹಲಗೆಯ ಸೀಳು ಬಲಗಾಲಿನ ಹೆಬ್ಬೆರಳ ಪಕ್ಕ ಹೊಕ್ಕು ರಕ್ತ ಸುರಿಯುತ್ತಿತ್ತು. ಅವರು ಲಾಳಿ ಹೊಡೆಯುತ್ತಲೇ ಇದ್ದರು.

"ಕಾಲು ನೋಡ್ಕೊಳ್ರೀ!" ಎಂದು ಕೂಗಿದೆ.

"ಏನಾಯ್ತು ಕಾಲಿಗೆ?" ಎಂದು ನನ್ನನ್ನೇ ಕೇಳಿದರು.

ಅವರಿಗೆ ನೋವೇ ಆಗಿರಲಿಲ್ಲ.

ಅರಿಶಿನ ಹಚ್ಚಿದೆವು. ಬೇವಿನ ಸೊಪ್ಪು ಅರೆದು ಕಟ್ಟಿದೆವು. ಅತ್ತೆ ಘಾಟಿ ಸುಬ್ರಹ್ಮಣ್ಯನಿಗೆ ಹರಕೆ ಕಟ್ಟಿಕೊಂಡರು. ಹತ್ತು ದಿನ ಕಳೆದರೂ ಗಾಯ ಬಾಯಿ ಮುಚ್ಚಲಿಲ್ಲ. ಹನ್ನೊಂದನೆಯ ದಿನ ವಾಸನೆ ಬಂತು. ಗಾಡಿ ಕಟ್ಟಿಸಿ, ಅತ್ತೆಯನ್ನೂ ಕೂರಿಸಿಕೊಂಡು ಅವರನ್ನು ಡಾಕ್ಟರ ಶಾಪಿಗೆ ಕರೆದುಕೊಂಡು ಹೋದೆ.

ಡಾಕ್ಟರು ಹೊರಗಿನಿಂದ ಬಂದವರು. ಕನ್ನಡ ಅಷ್ಟಕ್ಕಷ್ಟೆ. ಅವರ ಇಂಗ್ಲಿಷನ್ನು ನಮಗೆ ತಿಳಿಯುವ ಹಾಗೆ ಹೇಳುತ್ತಿದ್ದವರು ಕಾಂಪೌಂಡರ್ ಸಾಬರು. ಪಂಚೆಯ ಬಿಳಿ ಚುಕ್ಕೆಯನ್ನೂ ಬಿಡದೆ ಎಲ್ಲವನ್ನೂ ಸಾಬರಿಗೆ ಹೇಳಿದೆ. ಡಾಕ್ಟರು ಗಾಯ ನೋಡಿದ ಮೇಲೆ ಯೂರಿನ್ ಹಿಡಿದು ತರಿಸಿದರು. ಗಾಜಿನ ಕೊಳವೆಯಲ್ಲಿ ನೀಲಿ ಮದ್ದಿಗೆ ಅದರ ಕೆಲವು ಹನಿ ಹಾಕಿ ಸ್ಪಿರಿಟ್ ದೀಪದ ಮೇಲೆ ಕಾಯಿಸಿದರು. ನೀಲಿ ಹಸಿರಾಯಿತು, ಹಳದಿಯಾಯಿತು. ಕೊನೆಗೆ ಇಟ್ಟಿಗೆ ಬಣ್ಣಕ್ಕೆ ನಿಂತಿತು. ಬಣ್ಣದ ತೊಟ್ಟಿಗಳ ನಡುವೆ ಬದುಕಿದ ನನಗೆ ಬಣ್ಣ ತಿರುಗುವುದು ಹೊಸದಲ್ಲ. ಆದರೂ ನಮ್ಮವರ ತೋಳು ಹಿಡಿದುಕೊಂಡೆ.

"ಸಕ್ಕರೆ ಕಾಯಿಲೆ ಅಮ್ಮ," ಎಂದರು ಸಾಬರು. "ಪಂಚೆ ಮೇಲೆ ಉಚ್ಚೆ ಸಿಡಿದು ಒಣಗಿದ್ದೂ ಅದೇ ಸಕ್ಕರೆ. ಇನ್ಸುಲಿನ್ ಅಂತ ಸೂಜಿಮದ್ದು ಐತೆ. ಹಡಗಲ್ಲಿ ಬರ್ಬೇಕು, ಯುದ್ಧದಲ್ಲಿ ಸಿಗ್ತಾ ಇಲ್ಲ. ಪಥ್ಯ ಗಟ್ಟಿಯಾಗಿ ಮಾಡ್ಬೇಕು. ಸಕ್ಕರೆ, ಬೆಲ್ಲ, ಬಾಳೆಹಣ್ಣು ಬೇಡ. ಆ ಕಾಲು ಊರ್ಬಾರ್ದು." ಡಾಕ್ಟರು ನಡುವೆ ಬೆರಳೆತ್ತಿ ಏನೋ ಒತ್ತಿ ಹೇಳಿದರು. ಅದರಲ್ಲಿ 'ಸ್ಟಾರ್ಚ್' ಎಂಬ ಮಾತು ಎರಡು ಸಲ ಬಂತು. ಸಾಬರು ನಮ್ಮ ಕಡೆ ತಿರುಗಿ, "ಗಂಜಿ ಮಾತ್ರ ಮುಟ್ಟಲೇಬಾರ್ದು ಅಂತಾವ್ರೆ," ಎಂದರು.

ಗಂಜಿ ಮುಟ್ಟಬಾರದು. ಇಷ್ಟು ಸುಲಭದ ಮಾತು ನಮಗೆ ಅರ್ಥವಾಗದೇ ಇರುತ್ತದೆಯೇ? ನಮ್ಮ ಮನೆಯಲ್ಲಿ ಕುಡಿಯುವುದಕ್ಕೆ ಅಂಬಲಿ. ಗಂಜಿ ಎಂದರೆ ಮಗ್ಗದ್ದು. ಹುಳಿ ಬಂದ ಗಂಜಿ ಗಾಯಕ್ಕೆ ಸೋಂಕಿದರೆ ಕೀವಾಗುತ್ತದೆ, ಅದಕ್ಕೇ ಹೇಳಿದ್ದಾರೆ ಎಂದು ಗಾಡಿಯಲ್ಲಿ ಬರುವಾಗಲೇ ಮೂವರೂ ಮಾತಾಡಿಕೊಂಡೆವು.

ನಾವು ಪಾಲಿಸಿದ ಹಾಗೆ ಪಥ್ಯವನ್ನು ಯಾರೂ ಪಾಲಿಸಿರಲಾರರು. ಗಂಜಿಯ ತೊಟ್ಟಿಯನ್ನು ಪಕ್ಕದ ಮನೆಯ ರಂಗಣ್ಣನ ಹಿತ್ತಲಿಗೆ ಸಾಗಿಸಿದೆವು. ನಮ್ಮವರ ಬಟ್ಟೆಗೆ ನಾನು ಗಂಜಿ ಹಾಕುವುದು ಬಿಟ್ಟೆ. ನಮ್ಮ ಬೀದಿಯಲ್ಲಿ ಹಾಸು ಚಾಚಿ ಗಂಜಿ ಹಚ್ಚುವಾಗ ಎಲ್ಲರೂ ಕೈ ಜೋಡಿಸುವುದು ರೂಢಿ. ಇವರು ಜಗಲಿಯ ಮೇಲೆ ಕಾಲು ಚಾಚಿ ಕುಳಿತು, ಗಾಳಿಗೆ ಒಂದು ಹನಿ ಹಾರಿ ಬಂದರೂ ಕೈ ತೊಳೆದುಕೊಳ್ಳುತ್ತಿದ್ದರು. "ಮಡಿ ಹೆಂಗಸರನ್ನ ಮೀರಿಸ್ಬಿಟ್ಟೆ ಕಣೋ!" ಎಂದು ರಂಗಣ್ಣ ರೇಗಿಸುತ್ತಿದ್ದ. ಇವರೂ ನಗುತ್ತಿದ್ದರು. ಬೆಲ್ಲ ಬಿಟ್ಟೆವು. ಬಾಳೆಹಣ್ಣು ಬಿಟ್ಟೆವು. ರೋಗಿ ಬಲವಾಗಲೆಂದು ದಿನಕ್ಕೆ ಎರಡು ಹೊತ್ತು ಎರಡೆರಡು ಹಿಟ್ಟು, ಬೆಳಿಗ್ಗೆ ಒಂದು ಚೊಂಬು ಅಂಬಲಿ, ಪಡಿತರದ ಅಕ್ಕಿ ಬಂದ ದಿನ ಅನ್ನ. ನನ್ನ ಕೈಯಾರೆ ಬಡಿಸಿದೆ.

ಮೂರು ವಾರದಲ್ಲಿ ಎರಡು ಬೆರಳು ಕಪ್ಪಾದವು.

ಗಾಡಿ ಕಟ್ಟಿಸಿಕೊಂಡು ಪುನಃ ಶಾಪಿಗೆ ಹೋದೆವು. ಡಾಕ್ಟರು ಕಟ್ಟು ಬಿಚ್ಚಿ ನೋಡಿದರು. ಕೊಳವೆ ಕಾಯಿಸಿದರು. ಮತ್ತೆ ಇಟ್ಟಿಗೆ ಬಣ್ಣ, ಹೋದ ಸಲಕ್ಕಿಂತ ಗಾಢ. ಆಮೇಲೆ ತಮ್ಮ ಮುರುಕು ಕನ್ನಡದಲ್ಲಿ ನೇರವಾಗಿ ನನ್ನನ್ನೇ ಕೇಳಿದರು.

"ಗಂಜಿ ತಿಂತಾನಾ ಇವನು?"

"ತಿನ್ನೋದೆಲ್ಲಿ ಬಂತು ಸ್ವಾಮಿ! ತೊಟ್ಟಿ ಹತ್ರಕ್ಕೇ ಬಿಟ್ಟಿಲ್ಲ. ಬಟ್ಟೆಗೂ ಹಾಕಿಲ್ಲ," ಎಂದೆ. ಹೇಳುವಾಗ ಸ್ವಲ್ಪ ಹೆಮ್ಮೆಯೂ ಇತ್ತು. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

"ಬಟ್ಟೆ?" ಎಂದರು ಡಾಕ್ಟರು.

ಸಾಬರು ಹಣೆ ಚಚ್ಚಿಕೊಂಡರು. "ಯಾ ಅಲ್ಲಾ! ಮಗ್ಗದ ಗಂಜಿ ಅಂದ್ಕೊಂಡ್ರಾ ಅಮ್ಮ? ಊಟದಲ್ಲಿರೋ ಗಂಜಿ!"

"ಊಟದಲ್ಲಿ ಎಲ್ಲಿದೆ ಗಂಜಿ?"

ಡಾಕ್ಟರು ಎದ್ದು ಹೋಗಿ ಸಾಬರ ಬುತ್ತಿಯಿಂದ ಒಂದಗುಳು ಅನ್ನ ತಂದರು. ನಾನು ಗಾಡಿಯವನಿಗೆಂದು ಕಟ್ಟಿ ತಂದಿದ್ದ ಹಿಟ್ಟಿನಲ್ಲಿ ಒಂದು ಚೂರು ಕೇಳಿ ಇಸಿದುಕೊಂಡರು. ಶಾಪಿನ ಹಿಂದೆ ಬೆಳೆದಿದ್ದ ದಂಟಿನ ಸೊಪ್ಪಿನ ಒಂದೆಲೆ ಕಿತ್ತರು. ಮೂರನ್ನೂ ಪಿಂಗಾಣಿ ತಟ್ಟೆಯಲ್ಲಿಟ್ಟು, ಗಾಯಕ್ಕೆ ಹಚ್ಚುವ ಕಂದು ಬಣ್ಣದ ಟಿಂಚರ್ ಅಯೋಡಿನ್ ತೊಟ್ಟಿಕ್ಕಿದರು. ಅನ್ನ ನೀಲಿಯಾಯಿತು. ಹಿಟ್ಟು ಮಸಿಯಂತೆ ಕಪ್ಪುನೀಲಿಯಾಯಿತು. ಸೊಪ್ಪಿನ ಮೇಲೆ ಕಂದು ಕಂದಾಗಿಯೇ ಉಳಿಯಿತು. ಕೊನೆಗೆ ನನ್ನ ಸೆರಗಿನ ಗಂಜಿ ಹಾಕಿದ ಅಂಚಿಗೆ ಒಂದು ತೊಟ್ಟು ಬಿಟ್ಟರು. ಅದೂ ನೀಲಿ.

"ಇದೂ ಗಂಜಿ. ಇದೂ ಗಂಜಿ," ಎಂದರು. "ಹೊಟ್ಟೆಯಲ್ಲಿ ಹೋದರೆ ಸಕ್ಕರೆ. ಬೆಲ್ಲ ನೀಲಿ ಆಗಲ್ಲ, ಆದರೂ ಬೇಡ. ಇವನ ಮೈಗೆ ಸಕ್ಕರೆ ಉರಿಸೋದಕ್ಕೆ ಶಕ್ತಿ ಇಲ್ಲ."

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಮಗೆ ಊಟವೂ ತಿಳಿಯಲಿಲ್ಲ, ಮಾತೂ ತಿಳಿಯಲಿಲ್ಲ. ಒಂದು ಪದಕ್ಕೆ ಮೂರು ವಾರ ಹೋಯಿತು. ಸಾಬರನ್ನು ನಾನು ದೂರುವುದಿಲ್ಲ, ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಆ ಹೊತ್ತಿನಲ್ಲಿ ಮಾತ್ರ ನನ್ನ ಕೈಗಳನ್ನು ಕಡಿದುಹಾಕಬೇಕು ಎನಿಸಿತು.

ಡಾಕ್ಟರು ಕಣಕಾಲಿನ ಮೇಲೆ ಬೆರಳಿಟ್ಟು ಗೆರೆ ಎಳೆದರು. ಹತ್ತು ದಿನ ನೋಡುತ್ತೇನೆ, ಕಪ್ಪು ಈ ಗೆರೆಯ ಕಡೆಗೆ ಏರಿದರೆ ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ತೆಗೆಯಬೇಕು ಎಂದರು. ನಮ್ಮವರು ಒಂದೇ ಮಾತು ಕೇಳಿದರು. "ಒಂದು ಕಾಲಲ್ಲಿ ಮಗ್ಗ ತುಳಿಯೋಕಾಯ್ತದಾ ಸ್ವಾಮಿ?"

ಡಾಕ್ಟರು ಹೊಸ ಕಟ್ಟು ಕಟ್ಟತೊಡಗಿದರು.

ಮನೆಯಲ್ಲಿ ಅತ್ತೆಯನ್ನು ಒಪ್ಪಿಸುವುದು ಕಾಲಿನ ಗಾಯಕ್ಕಿಂತ ಕಷ್ಟವಾಯಿತು. "ಹಿಟ್ಟಿಲ್ದೆ ಎಂಥಾ ಊಟ್ವೇ? ನನ್ನ ಮಗನ್ನ ಉಪವಾಸ ಕೆಡವಿ ಸಾಯಿಸ್ತೀಯಾ?" ಎಂದು ಎದೆ ಬಡಿದುಕೊಂಡರು. ಡಾಕ್ಟರು ಸಣ್ಣ ಸೀಸೆಯಲ್ಲಿ ಕೊಟ್ಟಿದ್ದ ಅಯೋಡಿನ್ ಹಿಟ್ಟಿಗೆ ತೊಟ್ಟಿಕ್ಕಿ ತೋರಿಸಿದೆ. "ಮದ್ದು ಬಿದ್ರೆ ಯಾವುದಾದ್ರೂ ಕಪ್ಪಾಯ್ತದೆ" ಎಂದರು. ಆಗ ಸಾಬರು ಹೇಳಿಕೊಟ್ಟಿದ್ದು ನೆನಪಾಯಿತು. ಒಂದು ತುತ್ತು ಹಿಟ್ಟು ಅತ್ತೆಯ ಕೈಗೆ ಕೊಟ್ಟು, "ಅಗಿದು ನೋಡಿ" ಎಂದೆ.

ಅತ್ತೆ ನನ್ನನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿದರು. ಹಿಟ್ಟನ್ನು ಯಾರಾದರೂ ಅಗಿಯುತ್ತಾರೆಯೇ? ಸಾರಿನಲ್ಲಿ ಅದ್ದಿ ನುಂಗುವುದು. ಅಗಿದರೆ ಹಲ್ಲಿಗೆ ಅಂಟುತ್ತದೆ, ಜನ ನಗುತ್ತಾರೆ. ಎಪ್ಪತ್ತು ವರ್ಷದಲ್ಲಿ ಅವರು ಒಮ್ಮೆಯೂ ಹಿಟ್ಟು ಅಗಿದಿರಲಿಲ್ಲ. ಮಗನ ಕಾಲಿಗಾಗಿ ಅಗಿದರು. ಇದ್ದ ನಾಲ್ಕು ಹಲ್ಲಿನಲ್ಲಿ, ಕಣ್ಣು ಮುಚ್ಚಿ, ಬಹಳ ಹೊತ್ತು. ಆಮೇಲೆ ಅಗಿಯುವುದು ನಿಂತಿತು.

"ಸೀ ಆಯ್ತಲ್ಲೇ," ಎಂದರು ಮೆಲ್ಲಗೆ. ಉಗಿದು ಬಂದು ಕಂಬಕ್ಕೆ ಒರಗಿ ಅತ್ತರು. ನುಂಗಿ ನುಂಗಿ ನಮಗೆ ಯಾರಿಗೂ ಆ ಸಿಹಿ ಗೊತ್ತೇ ಆಗಿರಲಿಲ್ಲ.

ಆಮೇಲಿನ ದಿನಗಳನ್ನು ಬರೆಯುವುದಕ್ಕೆ ಕೈ ಬರುವುದಿಲ್ಲ. ಆ ಅಯೋಡಿನ್ ಸೀಸೆಯನ್ನು ಒಲೆ ಪಕ್ಕದಲ್ಲಿಟ್ಟುಕೊಂಡು ಕಂಡಿದ್ದಕ್ಕೆಲ್ಲ ಒಂದು ತೊಟ್ಟು ಹಾಕಿ ನೋಡುತ್ತಿದ್ದೆ. ಶಾಪಿನ ಕೊಳವೆಯಲ್ಲಿ ನೀಲಿ ಒಳ್ಳೆಯದು, ನಮ್ಮ ತಟ್ಟೆಯಲ್ಲಿ ನೀಲಿ ಕೆಟ್ಟದ್ದು. ಇದು ತಲೆಗೆ ಹತ್ತುವುದಕ್ಕೇ ಎರಡು ದಿನ ಬೇಕಾಯಿತು. ಆಲೂಗಡ್ಡೆ ನೀಲಿ. ಅವರ ಪ್ರಾಣವಾದ ಅವರೆಕಾಳೂ ನೀಲಿ. ಉಳಿದದ್ದು ಸೊಪ್ಪು, ಬದನೆಕಾಯಿ, ಹೀರೆಕಾಯಿ, ಮೊಟ್ಟೆ, ಬೆಣ್ಣೆ, ಮಜ್ಜಿಗೆ, ಕಾಯಿತುರಿ. ಮಾಂಸ ಸಿಕ್ಕ ದಿನ ಬಾಡು.

ಮೊದಲ ಮೂರು ದಿನ ಅವರಿಗೆ ತಲೆನೋವು, ನಿತ್ರಾಣ. ನಾಲ್ಕನೆಯ ದಿನ ಸೊಪ್ಪಿನ ತಟ್ಟೆಯನ್ನು ಅಂಗಳಕ್ಕೆ ಎಸೆದರು. "ನಾನೇನು ಹಸುವೇನೇ?" ಎಂದು ಕೂಗಿದರು. ನಾನೂ ಕೂಗಿದೆ. "ಹಸುವಿಗೆ ನಾಲ್ಕು ಕಾಲಿದೆ, ಒಂದು ಹೋದ್ರೂ ನಡೆದೀತು. ನಿಮಗಿರೋದು ಎರಡು!" ಅಷ್ಟು ಕೆಟ್ಟ ಮಾತನ್ನು ನಾನು ಅವರಿಗೆ ಎಂದೂ ಆಡಿರಲಿಲ್ಲ. ಅವರು ಗೋಡೆ ಕಡೆ ತಿರುಗಿ ಮಲಗಿದರು.

ನನ್ನದೂ ಒಂದು ತಪ್ಪಿದೆ. ನಾನು ಹಿಟ್ಟು ಬಿಡಲಿಲ್ಲ. ರಂಗಣ್ಣನ ಮನೆಯ ಅಡುಗೆಮೂಲೆಯಲ್ಲಿ ಕುಳಿತು ಕದ್ದು ನುಂಗಿ ಬಾಯಿ ತೊಳೆದುಕೊಂಡು ಬರುತ್ತಿದ್ದೆ. ಅವರಿಗೆ ಗೊತ್ತಿತ್ತು ಎಂದು ಕಾಣುತ್ತದೆ. ಬೀದಿಯಲ್ಲಿ ಹೋಗುವವರು ಜಗಲಿಯ ಕಡೆ ನೋಡಿ "ಊಟ ಆಯ್ತಾ?" ಎನ್ನುವರು. ಅವರು ಮೊದಮೊದಲು ಸುಮ್ಮನಿರುತ್ತಿದ್ದರು. ಹಿಟ್ಟಿಲ್ಲದ್ದಕ್ಕೆ ಊಟ ಎಂದರೆ ಸುಳ್ಳಾಗುತ್ತದಲ್ಲ! ಒಂದು ದಿನ ಮಾತ್ರ, "ಅವಳದ್ದಾಯ್ತು, ನನ್ನದು ತಿಂಡಿ ಆಯ್ತು" ಎಂದರು. ಒಳಗೆ ನಿಂತಿದ್ದ ನನಗೆ ನಗುವೂ ಬಂತು, ಅಳುವೂ ಬಂತು.

ಆರನೆಯ ದಿನ ಡಾಕ್ಟರು ಎಲ್ಲಿಂದಲೋ ಕೆಲವು ಸೀಸೆ ಇನ್ಸುಲಿನ್ ತರಿಸಿದರು. ದಿನವೂ ಸೂಜಿ, ಗಾಯಕ್ಕೆ ಸಲ್ಫಾ ಪುಡಿ. ಕೊಳವೆ ಇಟ್ಟಿಗೆಯಿಂದ ಹಳದಿಗೆ ಬಂತು. ಹತ್ತನೆಯ ದಿನ ಹಸಿರು.

ಕಪ್ಪು ಗೆರೆಗೆ ಏರಲಿಲ್ಲ.

ಎರಡು ಬೆರಳು ತೆಗೆದರು. ಪಾದ ಉಳಿಯಿತು. ಪಥ್ಯವೋ, ಸೂಜಿಯೋ, ಪುಡಿಯೋ, ಯಾವುದು ಉಳಿಸಿತು ಎಂದು ಕೇಳಿದೆ. "ಮೂರೂ," ಎಂದರು ಡಾಕ್ಟರು. "ಸೂಜಿ ಮುಗೀತು. ಪುಡಿ ಮುಗೀತು. ಪಥ್ಯ ಮುಗಿಯಲ್ಲ." ಅತ್ತೆ ಇದಕ್ಕೆ ನಾಲ್ಕನೆಯದಾಗಿ ಘಾಟಿ ಸುಬ್ರಹ್ಮಣ್ಯನನ್ನು ಸೇರಿಸಿದ್ದಾರೆ. ನಾನು ಬೇಡ ಎಂದಿಲ್ಲ.

ಇದಾಗಿ ಎರಡು ತಿಂಗಳು. ಸಾಬರು "ಬರ್ದಿಡಿ ಅಮ್ಮ, ಇನ್ನೊಬ್ಬರು ನಿಮ್ಮಂಗೆ ತಪ್ಪು ತಿಳ್ಕೊಳ್ದೆ ಇರ್ಲಿ" ಎಂದದ್ದಕ್ಕೆ ಬರೆಯುತ್ತಿದ್ದೇನೆ. ಎಲ್ಲರ ಮೈಗೂ ಇದೇ ಪಥ್ಯ ಎಂದು ನಾನು ಹೇಳುವವಳಲ್ಲ. ಡಾಕ್ಟರನ್ನು ಕೇಳಿ, ಅರ್ಥವಾಗದಿದ್ದರೆ ಎರಡು ಸಲ ಕೇಳಿ. ಕಾಲು ಇನ್ನೂ ಜೋಮು. ತುಳಿಯುವಾಗ ಅವರು ಬಗ್ಗಿ ಕಣ್ಣಿನಿಂದ ನೋಡಿಕೊಳ್ಳಬೇಕು. ಹಬ್ಬದ ದಿನ ಒಬ್ಬಟ್ಟಿನ ವಾಸನೆಗೆ ಎದ್ದು ಹೊರಗೆ ಹೋಗುತ್ತಾರೆ.

ಮೊನ್ನೆ ನೂಲು ಬಂತು. ಗಂಜಿಯ ತೊಟ್ಟಿ ರಂಗಣ್ಣನ ಹಿತ್ತಲಿನಿಂದ ನಮ್ಮ ಮನೆಗೆ ವಾಪಸು ಬಂತು. ಅವರು ಬೀದಿಯಲ್ಲಿ ಹಾಸು ಚಾಚಿ, ಮೊಣಕೈವರೆಗೆ ಗಂಜಿಯಲ್ಲಿ ಅದ್ದಿ, "ನೋಡ್ಲಾ ರಂಗ, ಮುಟ್ಟಬೌದಂತೆ, ತಿನ್ನಬಾರ್ದಂತೆ!" ಎಂದು ಕೂಗಿದರು. ಬೀದಿಯೆಲ್ಲ ನಕ್ಕಿತು.

ಮಾರನೆಯ ಬೆಳಿಗ್ಗೆ ಒಗೆಯುವ ಕಲ್ಲಿನ ಹತ್ತಿರ ಅವರ ಪಂಚೆ ಕೈಗೆತ್ತಿಕೊಂಡೆ. ಅಂಚಿನಲ್ಲಿ ಬಿಳಿ ಚುಕ್ಕೆ. ಮುಟ್ಟಿದೆ. ಗಟ್ಟಿ.

ಪಂಚೆಯನ್ನು ಕಲ್ಲಿನ ಮೇಲೆ ಹಾಕದೆ ಬೆಳಕಿಗೆ ಹಿಡಿದೆ. ಹಿಂದಿನ ದಿನ ಗಂಜಿ ಹಚ್ಚಿದ್ದು ನೆನಪಿತ್ತು. ಆದರೆ ಅವರೇನಾದರೂ ಕದ್ದು ಹಿಟ್ಟು ತಿಂದಿದ್ದರೆ? ಸಕ್ಕರೆಯಾದರೆ ಅಯೋಡಿನ್ ಬಣ್ಣ ತಿರುಗುವುದಿಲ್ಲ. ಒಳಗೆ ಹೋಗಿ ಒಲೆ ಪಕ್ಕದ ಸೀಸೆ ತಂದೆ. ತಳದಲ್ಲಿ ಸ್ವಲ್ಪವೇ ಉಳಿದಿತ್ತು. ಚುಕ್ಕೆಯ ಮೇಲೆ ಒಂದು ತೊಟ್ಟು ಬಿಟ್ಟು ಕಾದೆ.

ನೀಲಿಯಾಯಿತು.

ಮಗ್ಗದ ಗಂಜಿಯೇ. ಅಲ್ಲೇ ಕಲ್ಲಿನ ಮೇಲೆ ಕುಳಿತು, ಕಲೆಯಾದ ಆ ಅಂಚನ್ನು ಕಣ್ಣಿಗೆ ಒತ್ತಿಕೊಂಡೆ. ಆಮೇಲೆ ಎದ್ದು ಒಗೆದೆ.