ಹತ್ತಿಗೆ ಅಂಟಿ ಬಂದ ನಂಬರ್

ಉಗುರುಬಣ್ಣ ಅಳಿಸುವ ದ್ರವದಲ್ಲಿ ಹತ್ತಿ ಅದ್ದಿ, ಜನಕಪುರಿಯ ಎಲೆಕ್ಟ್ರಾನಿಕ್ಸ್ ಅಂಗಡಿಯ ಕೌಂಟರಿನ ಮೇಲೆಯೇ ಹೊಸ ಟ್ರಾನ್ಸಿಸ್ಟರ್ ಬಿಡಿಭಾಗವನ್ನು ಉಜ್ಜಿದೆ. ಕಂಪನಿಯ ಹೆಸರು, ನಂಬರ್ ಎಲ್ಲ ಹತ್ತಿಗೆ ಅಂಟಿ ಬಂತು. ಅಡಿಯಲ್ಲಿ ಯಾವುದೋ ಅಗ್ಗದ ಮಾಲಿನ ನಂಬರ್!

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಗಾಳಿಯಲ್ಲಿ ಕಿಡಿ ಹಾರಿಸುವ ಟೆಸ್ಲಾ ಕಾಯಿಲನ್ನು ವಿದ್ಯಾರ್ಥಿಗಳಿಗೆ ತೋರಿಸಲೆಂದು ಮನೆಯಲ್ಲೇ ಕಟ್ಟುತ್ತಿದ್ದೆ. ಸ್ವಿಚ್ ಹಾಕಿದೊಡನೆ ಅದರ ಟ್ರಾನ್ಸಿಸ್ಟರ್ ಢಬ್ಬೆಂದು ಸಿಡಿಯುತ್ತಿತ್ತು. ಹೊಸದು ಕೇಳಲು ಹೋದಾಗಲೆಲ್ಲ ಅಂಗಡಿಯ ಭಯ್ಯಾ, "ಕನೆಕ್ಷನ್ ಗಲತ್ ಹೋಗಾ ಮೇಡಂ. ಘರ್ ಮೇಂ ಸರ್ ಕೋ ದಿಖಾಯಿಯೇ" ಎನ್ನುತ್ತಿದ್ದ. ಕನೆಕ್ಷನ್ ತಪ್ಪಿರಬೇಕು, ಮನೆಯಲ್ಲಿ ಯಜಮಾನರಿಗೆ ತೋರಿಸಬೇಕಂತೆ. ನಮ್ಮ ಮನೆಯ 'ಸರ್'ಗೆ ಫ್ಯೂಸ್ ಹಾಕಲೂ ಬಾರದು! ಆದರೂ ತಪ್ಪು ನನ್ನದೇ ಎಂದು ನಂಬಿ, ಸಾವಿರ ಸುತ್ತಿನ ತಂತಿಯನ್ನು ಎರಡು ಸಲ ಬಿಚ್ಚಿ ಸುತ್ತಿದ್ದೆ. ಅಗ್ಗದ ಮಾಲಿನ ಮೇಲೆ ಒಳ್ಳೆಯ ಕಂಪನಿಯ ನಂಬರ್ ಅಚ್ಚೊತ್ತಿ ಮಾರುತ್ತಾರೆಂದು ಎಲ್ಲೋ ಓದಿದ ಮೇಲೆಯೇ, ಈ ಸಲ ದ್ರವದ ಶೀಶೆ ಕೊಂಡು ಅಂಗಡಿಗೆ ಬಂದಿದ್ದೆ.

ಹತ್ತಿಯನ್ನು ಅವನ ಮುಖದ ಮುಂದೆ ಹಿಡಿದೆ. ಅವನಿಗೆ ನಾಚಿಕೆಯೂ ಆಗಲಿಲ್ಲ. "ಅಚ್ಛಾ, ಅಸಲಿ ಚಾಹಿಯೇ ಥಾ? ಪೆಹಲೇ ಬೋಲ್ನಾ ಥಾ ನಾ!" ಎನ್ನುತ್ತ ಒಳಗಿನಿಂದ ಬೇರೆ ಡಬ್ಬಿ ತಂದ. ಅಸಲಿ ಬೇಕೆಂದು ನಾನೇ ಮೊದಲು ಹೇಳಬೇಕಿತ್ತಂತೆ!

ಅದನ್ನು ಹಾಕಿ ನೋಡಿದರೆ, ಅಂದೇ ಬೆರಳುದ್ದದ ನೇರಳೆ ಕಿಡಿ ಹಾರಿತು. ಮೂರು ವಾರ ನನ್ನ ಕೈಯನ್ನೇ ಅನುಮಾನಿಸಿದೆನಲ್ಲ, ಆ ಸಿಟ್ಟು ಮಾತ್ರ ಇಳಿದಿಲ್ಲ. ಆ ದ್ರವದ ಶೀಶೆ ಈಗ ಸದಾ ನನ್ನ ಕೈಚೀಲದಲ್ಲಿರುತ್ತದೆ. ನನಗೆ ಉಗುರಿಗೆ ಬಣ್ಣ ಹಚ್ಚುವ ಅಭ್ಯಾಸವಿಲ್ಲ.