ಸಪ್ಪಳ ಬರುವ ಪಪ್ಪಾಯಿ

ಹೋದ ಬೇಸಿಗೆಯ ಹೊತ್ತಿಗೆ ನಮ್ಮ ಅತ್ತೆಯ ಬಾಯಲ್ಲಿ ಕೊನೆಯ ಹಲ್ಲೂ ಹೋಗಿತ್ತು. ಹಲ್ಲಿನ ಸೆಟ್ಟು ಮಾಡಿಸಿಕೊಟ್ಟೆವು. ಒಂದು ದಿನ ಹಾಕಿಕೊಂಡು, "ಮಂದಿ ಹಲ್ಲಿಲೆ ನಾ ಯಾಕ ಉಣ್ಣಲಿ" ಎಂದು ತೆಗೆದು ಎಲೆಅಡಿಕೆ ಡಬ್ಬಿಯೊಳಗೆ ಇಟ್ಟುಬಿಟ್ಟರು. ಅವರಿಗೆ ಹೊಟ್ಟೆಯ ಚಿಂತೆ ಇರಲಿಲ್ಲ, ಸಪ್ಪಳದ ಚಿಂತೆ.

"ದೇವದುರ್ಗದಾಗ ನಾ ಹುರಗಡಲಿ ತಿಂದ್ರ ಓಣಿ ತುದಿಗೆ ಕೇಳ್ತಿತ್ತು. ನಿಮ್ಮ ರಾಯಚೂರಿಗೆ ಬಂದು ಬರೇ ಗಂಜಿ. ಬಾಯಾಗ ಒಂದು ಸಪ್ಪಳ ಇಲ್ಲ."

ಆಗಲೇ ಮಾನ್ವಿಯಿಂದ ನನ್ನ ತಂಗಿ ಒಂದು ಚೀಲ ಪಪ್ಪಾಯಿ ಕಳಿಸಿದಳು. ಅರ್ಧದಷ್ಟು ಹೆಚ್ಚಿ ಮಾಳಿಗೆಯ ಮೇಲೆ ಒಣಗಿಸಿದೆ. ಎರಡು ಬಿಸಿಲಿಗೆ ಚಪ್ಪಲಿ ಅಟ್ಟೆಯಾಯಿತು. ಒಂದು ಹೋಳನ್ನು ಅತ್ತೆ ನಾಷ್ಟಾ ಹೊತ್ತಿಗೆ ದವಡೆಗೆ ಹಾಕಿಕೊಂಡವರು ಊಟದ ಹೊತ್ತಿಗೆ ಹಾಗೇ ತೆಗೆದು ತೋರಿಸಿದರು.

ಮೊಬೈಲಿನಲ್ಲಿ ನೋಡಿದೆ: ಹಣ್ಣನ್ನು ಫ್ರೀಜರಿನಲ್ಲಿ ವಾರಗಟ್ಟಲೆ ಇಟ್ಟರೆ ಒಳಗಿನ ನೀರು ಹೆಪ್ಪುಗಟ್ಟಿ, ಕರಗದೆಯೇ ಆವಿಯಾಗಿ ಹಾರಿಹೋಗುತ್ತದಂತೆ. ಹಗುರ, ಗರಿಗರಿ, ವರ್ಷಗಟ್ಟಲೆ ಕೆಡುವುದಿಲ್ಲ, ಬಾಯಿಗಿಟ್ಟರೆ ಕರಗುತ್ತದೆ. ಹಲ್ಲೇ ಬೇಡ! ಉಳಿದ ಹಣ್ಣನ್ನು ತೆಳ್ಳಗೆ ಹೆಚ್ಚಿ, ಒಂದಕ್ಕೊಂದು ತಾಗದಂತೆ ಜಾಳಿಗೆಯ ಮೇಲೆ ಹರಡಿ ಇಟ್ಟೆ. ಐಸಿನ ಟ್ರೇ ಹೊರಗೆ ಬಂತು.

"ರಾಯಚೂರಾಗ ಇದ್ದು ಐಸಿನಾಗ ಒಣಗಸಾಕತ್ತೀಯಲ್ಲ," ಎಂದರು ನಮ್ಮನೆಯವರು, "ಬಿಸಿಲು ಖಾಲಿ ಆಗ್ಯದೇನು?"

ಪ್ರತಿ ಸೋಮವಾರ ಒಂದು ಹೋಳು ತೆಗೆದು ತಟ್ಟೆಯಲ್ಲಿಟ್ಟು ನೋಡುವುದು. ನೀರು ಬಿಟ್ಟು ಮೆತ್ತಗಾದರೆ ಇನ್ನೂ ಆಗಿಲ್ಲ ಅಂತ. ಅತ್ತೆ ಅಡುಗೆಮನೆಯ ಹೊಸ್ತಿಲಲ್ಲೇ ಕೂತಿರುತ್ತಿದ್ದರು.

"ಆತೇನವ್ವಾ?"

"ಇನ್ನೂ ಆಗಿಲ್ರೀ ಅತ್ತಿ."

"ಇಷ್ಟೊತ್ತಿಗೆ ಎಮ್ಮಿ ಈದು ಗಿಣ್ಣ ತಿಂದಿರ್ತಿದ್ವಿ."

ಐದನೆಯ ಸೋಮವಾರ ಹೋಳು ಹಾಗೇ ನಿಂತಿತು. ಗಾಜಿನ ಡಬ್ಬಿ ತುಂಬಿ ಬಿಗಿಯಾಗಿ ಮುಚ್ಚಿದೆ. ಮಧ್ಯಾಹ್ನ ಪಡಸಾಲೆಯಲ್ಲಿ ಅತ್ತೆಯನ್ನು ಕೂಲರಿನ ಎದುರಿಗೆ, ಎಲ್ಲಕ್ಕಿಂತ ತಂಪಾದ ಜಾಗದಲ್ಲಿ ಕೂಡಿಸಿ, ತಟ್ಟೆಯಲ್ಲಿ ಹೋಳು ಹಾಕಿಕೊಟ್ಟೆ. ಅವರು ಸೆರಗು ಸರಿಮಾಡಿಕೊಂಡರು, ದೇವರನ್ನು ನೆನೆದರು, ಅಗಲಿದ ಮಾವನವರನ್ನೂ ನೆನೆದರು. ಆಮೇಲೆ ಒಂದು ಹೋಳು ಬಾಯಿಗೆ. ನಾನೂ ನಮ್ಮನೆಯವರೂ ಕಿವಿ ಕೊಟ್ಟೆವು.

ಏನೂ ಇಲ್ಲ.

"ಮೆತ್ತಗದ," ಎಂದು ಅತ್ತೆ ತಟ್ಟೆ ಕೆಳಗಿಟ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮುಟ್ಟಿದರೆ ನೆನೆದ ಕಾಗದ. ಅಡುಗೆಮನೆಗೆ ಓಡಿ ಡಬ್ಬಿಯಿಂದ ಇನ್ನೊಂದು ತೆಗೆದು ಮುರಿದೆ, ಟಪ್ ಎಂದಿತು! ಉಳಿದರ್ಧ ಹಿಡಿದು ಪಡಸಾಲೆಗೆ ಬಂದು ಗಂಡನಿಗೆ ವಿವರಿಸುವಷ್ಟರಲ್ಲಿ ಅದೂ ಬಳುಕತೊಡಗಿತು. ಆಗ ಕಣ್ಣಿಗೆ ಬಿತ್ತು ಕೂಲರು. ಇಡೀ ಊರೇ ಹಪ್ಪಳದಂತೆ ಒಣಗಿ ನಿಂತಿರುವಾಗ, ಹಸಿ ಗಾಳಿ ಇರುವ ಒಂದೇ ಒಂದು ಜಾಗದಲ್ಲಿ ತಟ್ಟೆ ಇಟ್ಟಿದ್ದೆ ನಾನು.

"ಕೂಲರ್ ಬಂದ್ ಮಾಡ್ರಿ."

"ಈ ಬಿಸಿಲಾಗ? ತಲಿ ಗಿಲಿ ಕೆಟ್ಟದೇನು?"

"ಬಂದ್ ಮಾಡಲೇ," ಎಂದರು ಅತ್ತೆ. "ಐದು ವಾರ ನಾ ಕಾದೀನಿ. ಐದು ನಿಮಿಷ ನಿನಗ ಆಗಂಗಿಲ್ಲ?"

ಕೂಲರು ನಿಂತಿತು. ಅದರ ಗದ್ದಲವೂ ನಿಂತು ಮನೆ ಗಪ್ಪಾಯಿತು. ಕಾವು ನಾಲ್ಕೂ ಕಡೆಯಿಂದ ಒಳಗೆ ಬಂದು ಕೂತಿತು. ಗಾಳಿ ಒಣಗುವವರೆಗೂ ಮೂವರೂ ಬೆವರುತ್ತ ಕಾದೆವು. ಆಮೇಲೆ ಡಬ್ಬಿ ತಂದು ಒಂದು ಹೋಳು ಅವರ ಅಂಗೈಗೆ ಹಾಕಿ ಥಟ್ಟನೆ ಮುಚ್ಚಿದೆ. ಈ ಸಲ ದೇವರೂ ಇಲ್ಲ, ಮಾವನವರೂ ಇಲ್ಲ. ನೇರ ಬಾಯಿಗೆ ಹಾಕಿ ಒಸಡಿನಿಂದ ಒತ್ತಿದರು.

ಕರ್‍ರಂ.

ಅತ್ತೆ ಕಣ್ಣು ಮುಚ್ಚಿದರು. ಇನ್ನೊಂದು. ಕರ್‍ರಂ. ಡಬ್ಬಿಯನ್ನು ನನ್ನ ಕೈಯಿಂದ ತಗೊಂಡು ಮಡಿಲಲ್ಲಿಟ್ಟುಕೊಂಡರು. ವರ್ಷ ಬಾಳಬೇಕಾದ ಡಬ್ಬಿ ಅಮಾವಾಸ್ಯೆ ಕಾಣುವುದಿಲ್ಲ ಎಂದು ನನಗೆ ಅಲ್ಲೇ ತಿಳಿಯಿತು.

"ಓಣಿ ತುದಿಗೆ ಕೇಳ್ಸಿತೇನೋ?" ಎಂದು ಮಗನನ್ನು ಕೇಳಿದರು.

ನಮ್ಮನೆಯವರು ಟವಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ, ಕೂಲರಿನ ಬಟನ್ ಕಡೆ ಆಸೆಯಿಂದ ನೋಡುತ್ತ ಅಂದರು: "ಮಾನ್ವಿ ತನಕ ಕೇಳ್ಸಿತು ಬೇ. ಇನ್ನೊಂದು ಚೀಲ ಪಪ್ಪಾಯಿ ಬಂದೇ ಬರ್ತದ ನೋಡು."